ಬೆನ್ನೆಲುಬಿನ ರಚನೆಯೂ ಮೂಟೆ ಎತ್ತುವ ಬಗೆಯೂ



ಎತ್ತು ಕೊಳ್ಳಲು ಜಾತ್ರೆಗೆ ಹೋದವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಆಮೇಲೆ ಬೆನ್ನಿನ ಮೇಲೆ ಕೈಯಾಡಿಸುತ್ತಾರೆ. ನಮ್ಮ ಸ್ವಂತ ಬೆನ್ನನ್ನು ಮಾತ್ರ ಅದು ಹಿಡಿದುಕೊಂಡ ದಿನವೇ ನೆನೆಯುತ್ತೇವೆ. ಸುಗ್ಗಿಯಲ್ಲಿ ದುಡಿಯುವ ಆಳು ಹದಿನೈದು ದಿನ ಮಲಗಿದರೆ ಆಗುವ ನಷ್ಟವನ್ನು ತಮಗೆ ಹೇಳಬೇಕಾದ್ದಿಲ್ಲ. ಆದುದರಿಂದ ಈ ಸಲ ಬೀಜ, ಗೊಬ್ಬರದ ಮಾತನ್ನು ಬದಿಗಿಟ್ಟು ಬೆನ್ನೆಲುಬಿನ ವಿಚಾರ ತಿಳಿಯೋಣ.

ಬೆನ್ನೆಲುಬು ಒಂದೇ ಮೂಳೆಯಲ್ಲ. ಹುಟ್ಟುವಾಗ ಸಾಮಾನ್ಯವಾಗಿ 33 ಮಣಿಗಳು ಒಂದರ ಮೇಲೊಂದು ಕೂತಿರುತ್ತವೆ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5; ಈ 24 ಮಣಿಗಳು ಅಲುಗಾಡಬಲ್ಲವು. ಕೆಳಗಿನ 5 ಮಣಿಗಳು ನಾವು ಬೆಳೆದಂತೆ ಒಂದಾಗಿ ಬೆಸೆದು ಬೆಣೆಯಂತೆ ನಿಲ್ಲುತ್ತವೆ. ಕೊನೆಯ 4 ಪುಟ್ಟ ಮಣಿಗಳು ಬಾಲದ ಕುರುಹು. ಎತ್ತಿಗೂ ಕುತ್ತಿಗೆಯಲ್ಲಿ 7 ಮಣಿಗಳೇ. ಎದೆಯಲ್ಲಿ 13, ಸೊಂಟದಲ್ಲಿ 6. ಲೆಕ್ಕದಲ್ಲಿ ನಾವು ಅದರ ನೆಂಟರೇ ಸರಿ. ಆದರೆ ಎತ್ತಿನ ಬೆನ್ನು ನಾಲ್ಕು ಕಂಬಗಳ ಮೇಲೆ ಅಡ್ಡ ಇಟ್ಟ ತೊಲೆ. ನಮ್ಮದು ನೆಟ್ಟ ಕಂಬ. ಮೇಲಿನ ಭಾರವೆಲ್ಲ ಕೆಳಕ್ಕೆ ಇಳಿಯುವುದರಿಂದ ಸೊಂಟದ ಮಣಿಗಳು ಎಲ್ಲಕ್ಕಿಂತ ದಪ್ಪ, ನೋವು ಹೆಚ್ಚಾಗಿ ಕಾಣಿಸುವುದೂ ಅಲ್ಲಿಯೇ.

ಈ ಕಂಬ ನೆಟ್ಟಗೂ ಇಲ್ಲ. ಪಕ್ಕದಿಂದ ನೋಡಿದರೆ ಕುತ್ತಿಗೆಯಲ್ಲಿಯೂ ಸೊಂಟದಲ್ಲಿಯೂ ಮುಂದಕ್ಕೆ, ಎದೆಯ ಭಾಗದಲ್ಲಿ ಹಿಂದಕ್ಕೆ ಬಾಗಿದೆ. ಎಳೆಗೂಸಿನ ಬೆನ್ನು ಒಂದೇ ಬಿಲ್ಲಿನಂತಿರುತ್ತದೆ. ಕೂಸು ತಲೆ ನಿಲ್ಲಿಸಿದಾಗ ಕುತ್ತಿಗೆಯ ಬಾಗು, ಎದ್ದು ನಡೆದಾಗ ಸೊಂಟದ ಬಾಗು ಸ್ಪಷ್ಟವಾಗುತ್ತದೆ. ಲಾರಿಯ ಕಮಾನು ಬಾಗಿರುವುದರಿಂದಲೇ ಕುಲುಕು ತಡೆಯುತ್ತದೆಯಲ್ಲವೆ, ಇದೂ ಹಾಗೆಯೇ.

ಎಲ್ಲ ಮಣಿಗಳ ಆಟ ಒಂದೇ ಅಲ್ಲ. ಕುತ್ತಿಗೆಯ ಮೊದಲ ಮಣಿ ಬಳೆಯಂತಿದೆ. ನಾವು ಹೂಂಗುಟ್ಟಿದಾಗ ತಲೆ ಅದರ ಮೇಲೆ ಬಾಗುತ್ತದೆ. ಎರಡನೆಯ ಮಣಿಯಿಂದ ಒಂದು ಗೂಟ ಎದ್ದು ಬಳೆಯೊಳಗೆ ನಿಂತಿದೆ. ಊಹೂಂ ಎಂದಾಗ ಬಳೆ ಆ ಗೂಟದ ಸುತ್ತ ತಿರುಗುತ್ತದೆ. ಬೀಸುವ ಕಲ್ಲಿನ ನಡುಗೂಟವನ್ನು ನೆನೆದರೆ ಸಾಕು. ಕುತ್ತಿಗೆಯ ತಿರುಗಾಟದಲ್ಲಿ ಸುಮಾರು ಅರ್ಧ ಈ ಒಂದೇ ಕೀಲಿನದು. ಎದೆಯ ಮಣಿಗಳಿಗೆ ಪಕ್ಕೆಲುಬುಗಳ ಕಟ್ಟು ಇರುವುದರಿಂದ ಅವು ಹೆಚ್ಚು ಬಾಗವು, ಆದರೆ ತಿರುಗುತ್ತವೆ. ಸೊಂಟದ ಮಣಿಗಳು ಹಿಂದೆ ಮುಂದೆ ಚೆನ್ನಾಗಿ ಬಾಗುತ್ತವೆ. ತಿರುಚುವುದಕ್ಕೆ ಮಾತ್ರ ಬಹಳ ಸ್ವಲ್ಪವೇ ಎಡೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಣಿ ಮಣಿಗಳ ನಡುವೆ ಒಟ್ಟು 23 ಮೆತ್ತೆಗಳಿವೆ. ಡಾಕ್ಟರು ‘ಡಿಸ್ಕ್’ ಎನ್ನುವುದು ಇದನ್ನೇ. ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ಎಳನೀರಿನ ಗಂಜಿಯಂಥ ತಿರುಳು. ಬೆಳೆದವರಲ್ಲಿ ಮೆತ್ತೆಯ ಒಳಭಾಗಕ್ಕೆ ರಕ್ತನಾಳಗಳಿಲ್ಲ; ಸುತ್ತಲಿನಿಂದ ಒಸರಿ ಬರುವುದೇ ಅದರ ಆಹಾರ. ಹಗಲೆಲ್ಲ ಭಾರಕ್ಕೆ ಹಿಂಡಿ ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುವುದರಿಂದ, ಸಂಜೆಗಿಂತ ಬೆಳಗ್ಗೆ ನಾವು ಒಂದು ಸೆಂಟಿಮೀಟರಿನಷ್ಟು ಎತ್ತರ! ಉಬ್ಬಿದ ಮೆತ್ತೆ ಬಿಗಿಯಾಗಿರುತ್ತದೆ. ಆದ್ದರಿಂದ ಹಾಸಿಗೆಯಿಂದ ಎದ್ದವರು ನೇರವಾಗಿ ಬಗ್ಗಿ ಮೂಟೆಗೆ ಕೈ ಹಾಕದೆ ಸ್ವಲ್ಪ ಹೊತ್ತು ಓಡಾಡುವುದು ಒಳ್ಳೆಯದು.

ಈಗ ಏತವನ್ನು ನೆನೆಯಿರಿ. ಹಿಂದಿನ ತುದಿ ಗಿಡ್ಡವಾದಷ್ಟೂ ಅಲ್ಲಿ ಹೆಚ್ಚು ಕಲ್ಲು ಕಟ್ಟಬೇಕು. ಬೆನ್ನಿನ ಸ್ನಾಯುಗಳು ಮೆತ್ತೆಯ ನಡುವಿನಿಂದ ಸುಮಾರು 5 ಸೆಂ.ಮೀ. ಹಿಂದೆ ನಿಂತು ಎಳೆಯುತ್ತವೆ. ಬಗ್ಗಿ ಕೈ ಚಾಚಿ ಹಿಡಿದ ಭಾರ 50 ಸೆಂ.ಮೀ. ಮುಂದಿದ್ದರೆ, ಹತ್ತು ಪಾಲು ದೂರ. 20 ಕೆ.ಜಿ. ಎತ್ತಲು ಸ್ನಾಯು 200 ಕೆ.ಜಿ. ಎಳೆಯಬೇಕು, ಮೈಭಾರದ ಲೆಕ್ಕ ಬೇರೆ. ಈ ಎಳೆತವೆಲ್ಲ ಮೆತ್ತೆಯನ್ನು ಅದುಮುತ್ತದೆ. ಅದೇ ಭಾರವನ್ನು 25 ಸೆಂ.ಮೀ.ಗೆ ತಂದರೆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಕಾಸಿನ ಖರ್ಚಿಲ್ಲ.

ಆದ್ದರಿಂದ ಚೀಲದ ಹತ್ತಿರಕ್ಕೆ ಹೋಗಿ, ಕಾಲು ಅಗಲಿಸಿ, ಮಂಡಿ ಮತ್ತು ತೊಡೆಯ ಕೀಲಿನಲ್ಲಿ ಮಡಚಿ, ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಕಾಲಿನ ಬಲದಿಂದ ಏಳಿ. ಗಾಡಿಗೆ ಹಾಕುವಾಗ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಿ. ಬಗ್ಗಿ, ಎತ್ತಿ, ಅದೇ ಉಸಿರಿಗೆ ತಿರುಚುವಾಗಲೇ ನಾರು ಹರಿದು ತಿರುಳು ಹಿಂದಕ್ಕೆ ಸರಿದು ನರವನ್ನು ಒತ್ತುವ ಅಪಾಯ ಹೆಚ್ಚು. ಹಾಗಾದಾಗ ನೋವು ಕಾಲಿಗೂ ಇಳಿಯುತ್ತದೆ. ಗಂಡಾಳು ಸಹ 55 ಕೆ.ಜಿ.ಗಿಂತ ಹೆಚ್ಚು ಹೊರುವುದು ಬೇಡವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು. ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕೆ.ಜಿ.ಗೆ ಇಳಿಯಿತು. ಆದರೂ ಕಣದಲ್ಲಿ ಕ್ವಿಂಟಾಲ್ ಮೂಟೆ ಹೊತ್ತು ಶೌರ್ಯ ತೋರಿಸುವವರು ನಮ್ಮಲ್ಲಿ ಕಡಮೆಯಿಲ್ಲ. ಇಬ್ಬರು ಹಿಡಿದರೆ ಮರ್ಯಾದೆ ಹೋಗುವುದಿಲ್ಲ.

ನಾಟಿ, ಕಳೆಯ ಕೆಲಸದಲ್ಲಿ ಹೆಣ್ಣುಮಕ್ಕಳ ಬೆನ್ನು ಇಡೀ ದಿನ ಬಾಗಿರುತ್ತದೆ. ಅವರ ನೋವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಿಂತು ಬೆನ್ನನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸಲಿ. ಸಾಲು ನಾಟಿ ಮಾಡಿದ ಗದ್ದೆಯಲ್ಲಿ ಕಳೆಯಂತ್ರವನ್ನು ನಿಂತೇ ತಳ್ಳಬಹುದು. ಮೇಸ್ತ್ರಿ ಗೊಣಗಿದರೆ ಗೊಣಗಲಿ.

ಬೆನ್ನು ಹಿಡಿದಾಗ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು, ಮಕ್ಕಳನ್ನು ಹತ್ತಿಸಿ ತುಳಿಸುವುದು ಬೇಡ. ವಾರಗಟ್ಟಲೆ ಮಲಗುವುದೂ ಬೇಡ. ತಾಳಬಲ್ಲಷ್ಟು ಓಡಾಡಿದರೆ ಬಹುಪಾಲು ನೋವು ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಕಾಲು ಬಲ ಕಳೆದುಕೊಂಡರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ವಿಷಯ ಎಲ್ಲಕ್ಕಿಂತ ಮುಖ್ಯ. ಮಣಿಗಳ ಹಿಂಬದಿಯ ತೂತುಗಳು ಸೇರಿ ಆದ ಕೊಳವೆಯೊಳಗೆ ಮಿದುಳಿನಿಂದ ಇಳಿದ ಬಳ್ಳಿ ಇದೆ; ಗಾತ್ರ ಕಿರುಬೆರಳಿನಷ್ಟು. ಅದು ಸೊಂಟದ ಮೇಲ್ತುದಿಯಲ್ಲಿ ಮುಗಿದು, ಕೆಳಗೆ ಕುದುರೆ ಬಾಲದಂತೆ ನರಗಳಾಗಿ ಹರಡುತ್ತದೆ. ಕಡಿದ ಬಳ್ಳಿ ಮುರಿದ ಮೂಳೆಯಂತೆ ಕೂಡಿಕೊಳ್ಳುವುದಿಲ್ಲ. ಅಡಿಕೆ, ತೆಂಗಿನ ಮರದಿಂದ ಒಬ್ಬರು ಬಿದ್ದರೆಂದರೆ ಗಾಬರಿಯಲ್ಲಿ ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿ ನೀರು ಕುಡಿಸುತ್ತೇವೆ. ಮೂಳೆ ಮುರಿದಿದ್ದು ಬಳ್ಳಿ ಉಳಿದಿದ್ದರೆ, ಆ ಒಂದು ಎಳೆತಕ್ಕೆ ಅದೂ ಹೋಗಬಹುದು. ಬಿದ್ದವರನ್ನು ಬಿದ್ದಲ್ಲೇ ಬಿಡಿ, ಒಬ್ಬರು ತಲೆಯನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂರಲಿ, ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಗಾಡಿ ಬರಲಾರದ ತೋಟವಾದರೆ ಬಾಗಿಲ ಹಲಗೆ ತನ್ನಿ. ನಾಲ್ಕೈದು ಜನ ಸೇರಿ, ತಲೆ, ಬೆನ್ನು, ಸೊಂಟ ಒಂದೇ ಮರದ ತುಂಡೆಂಬಂತೆ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ, ತಲೆಯ ಎರಡೂ ಬದಿಗೆ ಮಡಿಸಿದ ಕಂಬಳಿ ಇಟ್ಟು, ಕಟ್ಟಿ ಸಾಗಿಸಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗಲೇಬೇಡಿ.