ಇಂದಿನ ಧಮ್ಮ ಚಿಂತನ: ತಲೆಗೆ ಪೆಟ್ಟು ಬಿದ್ದಾಗ ವಿಞ್ಞಾಣ ಎಲ್ಲಿಗೆ ಹೋಗುತ್ತದೆ?





ಕಳೆದ ಭಾನುವಾರ ನಮ್ಮ ರೂಪನಗುಡಿಯ ಅಧ್ಯಯನ ವಲಯದಲ್ಲಿ ತಾಯಿಯೊಬ್ಬರು ಕೇಳಿದರು: "ಸಾರ್, ಗಾಡಿ ಮೇಲಿಂದ ಬಿದ್ದು ಎಚ್ಚರ ತಪ್ಪಿದೋರ ಜೀವ ಒಳಗೇ ಇರ್ತೈತೋ, ಹೊರಗ ಹೋಗಿ ತಿರುಗತೈತೋ?" ಕೆಲವರು ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ. ಬಿದ್ದವರನ್ನು ಮೊದಲು ಆಸ್ಪತ್ರೆಗೆ ಒಯ್ಯುತ್ತೇವೋ, ಅಂತ್ರ ಕಟ್ಟುವವರ ಬಳಿಗೆ ಒಯ್ಯುತ್ತೇವೋ ಎಂಬುದು ಇದರ ಉತ್ತರದ ಮೇಲೆ ನಿಂತಿದೆ.

*ಬುದ್ಧರ ಉತ್ತರ*

ಸಾತಿ ಎಂಬ ಭಿಕ್ಖುವಿಗೂ ಇದೇ ಗೊಂದಲವಿತ್ತು. ಒಂದೇ ವಿಞ್ಞಾಣ ಜನ್ಮದಿಂದ ಜನ್ಮಕ್ಕೆ ಅಲೆಯುತ್ತದೆ ಎಂದು ಅವನು ನಂಬಿದ್ದ. ಬುದ್ಧರು ಅವನನ್ನು ತಿದ್ದಿದರು. ಕಾರಣಗಳಿಲ್ಲದೆ ವಿಞ್ಞಾಣ ಹುಟ್ಟುವುದಿಲ್ಲ. ಕಟ್ಟಿಗೆಯಿಂದ ಹೊತ್ತಿದ್ದು ಕಟ್ಟಿಗೆಯ ಬೆಂಕಿ, ಹುಲ್ಲಿನಿಂದ ಹೊತ್ತಿದ್ದು ಹುಲ್ಲಿನ ಬೆಂಕಿ. ಹಾಗೆಯೇ ಕಣ್ಣನ್ನು ಆಧರಿಸಿ ಹುಟ್ಟಿದ್ದು ಕಣ್ಣಿನ ವಿಞ್ಞಾಣ.

ಸಾರಿಪುತ್ತರು ಇನ್ನೊಂದು ಹೋಲಿಕೆ ಕೊಟ್ಟರು. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಎರಡು ಜೊಂಡಿನ ಕಟ್ಟುಗಳಂತೆ ವಿಞ್ಞಾಣ ಮತ್ತು ನಾಮರೂಪ. ನಮ್ಮ ಹೊಲದಲ್ಲಿ ಜೋಳದ ಸಿವುಡುಗಳನ್ನು ಎದುರುಬದುರು ನಿಲ್ಲಿಸುವುದನ್ನು ನೆನೆಯಿರಿ. ಒಂದನ್ನು ಎಳೆದರೆ ಇನ್ನೊಂದೂ ಬೀಳುತ್ತದೆ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಆತ್ಮದ ನಂಬಿಕೆಯನ್ನು ತಳ್ಳಿಹಾಕಿ, ವಿದ್ಯುತ್ ಹರಿಯುವಲ್ಲಿ ಅಯಸ್ಕಾಂತ ಕ್ಷೇತ್ರ ಉಂಟಾಗುವುದನ್ನು ಪ್ರಜ್ಞೆಗೆ ಹೋಲಿಸುತ್ತಾರೆ. ವಿಞ್ಞಾಣಕ್ಕೆ ಮೆದುಳೇ ಆಧಾರವೆಂದು ಸುತ್ತಗಳು ಹೇಳುವುದಿಲ್ಲ ನಿಜ. ಆದರೆ ಇಂದಿನ ವೈದ್ಯಶಾಸ್ತ್ರ ತೋರಿಸುವುದೂ ಕಾರಣ ಕಾರ್ಯದ ಸರಪಳಿಯನ್ನೇ.

*ತಲೆಬುರುಡೆಯ ಒಳಗೆ*

ದೊಡ್ಡವರ ತಲೆಬುರುಡೆ ಹಿಗ್ಗದ ಡಬ್ಬಿ ಇದ್ದಂತೆ. ಅದರಲ್ಲಿ ಸುಮಾರು 1,400 ಗ್ರಾಂ ತೂಕದ ಮೆದುಳು, ಒಂದಿಷ್ಟು ರಕ್ತ, ಮೆದುಳು ಬೆನ್ನುಹುರಿಗಳ ಸುತ್ತ ಹರಿಯುವ ತಿಳಿನೀರಿನ ಪಾಲು ಇರುತ್ತವೆ. ಪೆಟ್ಟಿನಿಂದ ಒಳಗೆ ರಕ್ತ ಸೋರಿದರೆ, ಅಥವಾ ಮೆದುಳು ಊದಿದರೆ, ಮೊದಲು ಈ ತಿಳಿನೀರು ಮತ್ತು ರಕ್ತನಾಳದ ರಕ್ತ ಒಂದಷ್ಟು ಹೊರಸರಿದು ಜಾಗ ಕೊಡುತ್ತವೆ. ಹೀಗಾಗಿ ಪೆಟ್ಟು ತಿಂದವರು ಎದ್ದು ಕೂತು ಮಾತಾಡಬಹುದು, ಚಹಾ ಕೇಳಬಹುದು. ಜಾಗ ಮುಗಿದ ಮೇಲೆ ಒತ್ತಡ ಒಮ್ಮೆಲೆ ಏರುತ್ತದೆ. ಮೆದುಳಿಗೆ ರಕ್ತ ಸಾಲುವುದಿಲ್ಲ. ಕೊನೆಗೆ ಅದು ಕೆಳಕ್ಕೆ ತಳ್ಳಲ್ಪಟ್ಟು ಮೆದುಳಿನ ಕಾಂಡವನ್ನು ಒತ್ತುತ್ತದೆ. ನಮ್ಮನ್ನು ಎಚ್ಚರವಾಗಿಡುವುದೂ ಉಸಿರಾಡಿಸುವುದೂ ಆ ಕಾಂಡವೇ.

ಜೀವ ಎಲ್ಲಿಗೂ ಹಾರಿಹೋಗಿಲ್ಲ. ಪ್ರಜ್ಞೆಗೆ ಆಧಾರವಾದದ್ದು ಅದುಮಿಹೋಗಿದೆ. ಇದರಲ್ಲಿ ದುಃಖವಷ್ಟೇ ಅಲ್ಲ, ಭರವಸೆಯೂ ಇದೆ. ಬೇಗ ಸ್ಕ್ಯಾನ್ ಮಾಡಿ, ಬೇಕಾದರೆ ಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರೆ ಎಷ್ಟೋ ಜನರಿಗೆ ಎಚ್ಚರ ಮರಳುತ್ತದೆ. ಹಣೆಬರಹ ಎಂದು ಕೈಕಟ್ಟಿ ಕೂರುವುದು ಧಮ್ಮವಲ್ಲ.

*ಮರಳದಿದ್ದಾಗ*

ಎಲ್ಲ ಪ್ರಯತ್ನವೂ ಫಲಿಸುವುದಿಲ್ಲ. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ತಿಂದರು. ಶಸ್ತ್ರಚಿಕಿತ್ಸೆ ನಡೆದರೂ ಮೆದುಳು ಚೇತರಿಸಲಿಲ್ಲ. ಕುಟುಂಬದವರು ಅವರ ಅಂಗಾಂಗ ದಾನ ಮಾಡಿದರು. ಮೆದುಳಿನ ಕಾಂಡ ಪೂರ್ತಿ ಸತ್ತ ಮೇಲೆ ಯಂತ್ರ ಉಸಿರಾಡಿಸುತ್ತಿದ್ದರೂ, ಎದೆ ಬಡಿಯುತ್ತಿದ್ದರೂ ಅದು ಸಾವೇ. 1994ರ ಕಾನೂನಿನ ಪ್ರಕಾರ ವೈದ್ಯರ ತಂಡ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಅದನ್ನು ದೃಢಪಡಿಸಬೇಕು. ಎಚ್ಚರ ತಪ್ಪಿದ್ದೆಲ್ಲ ಸಾವಲ್ಲ. ಈ ಎರಡರ ವ್ಯತ್ಯಾಸ ಮನೆಮಂದಿಗೆ ತಿಳಿದಿರಬೇಕು. ಶ್ರಾದ್ಧ, ಪಿಂಡ ಬಿಟ್ಟೆವೆಂದು 22 ಪ್ರತಿಜ್ಞೆಗಳಲ್ಲಿ ಹೇಳಿದ ನಮಗೆ, ತೀರಿಹೋದವರ ಹೆಸರಲ್ಲಿ ಇದಕ್ಕಿಂತ ದೊಡ್ಡ ದಾನ ಯಾವುದಿದೆ?

*ಇಂದಿನ ಅಭ್ಯಾಸ: ಕರುಣೆಗೆ ಕೈಕಾಲು*

1. ತಲೆಗೆ ಪೆಟ್ಟಾದವರಿಗೆ ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಮಾತು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಮೂಗು ಕಿವಿಯಿಂದ ನೀರು ಅಥವಾ ರಕ್ತ ಬರುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಫೋನ್ ಮಾಡಿ. "ಸುಸ್ತಾಗೈತಿ, ಮಲಗಲಿ ಬಿಡು" ಎನ್ನಬೇಡಿ.

2. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕತ್ತು ಹೊರಳಿಸಬೇಡಿ. ವಾಂತಿ ಬಂದರೆ ತಲೆ, ಕತ್ತು, ಮೈ ಒಂದೇ ನೇರದಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿ.

3. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ನಿಂಬೆಹಣ್ಣು ನಿವಾಳಿಸುವುದು, ಗಾಳಿ ಸೋಕಿದೆ ಎನ್ನುವುದು, ಇವೆಲ್ಲ ಕಳೆದುಹೋಗುವ ಸಮಯ.

4. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದರೆ ವಾರಗಳ ನಂತರವೂ ಮರೆವು, ಮಂಪರು ಕಾಣಿಸಬಹುದು. ಬಿದ್ದ ಸಂಗತಿಯನ್ನು ಡಾಕ್ಟರಿಗೆ ಹೇಳಿ.

5. ಬಳ್ಳಾರಿಗೆ ಹೊರಟರೂ ಪಕ್ಕದ ಹಳ್ಳಿಗೆ ಹೊರಟರೂ ಹೆಲ್ಮೆಟ್ ಇರಲಿ, ಹಿಂದೆ ಕೂತವರಿಗೂ ಇರಲಿ. ಕುಡಿದು ಗಾಡಿ ಓಡಿಸದಿರುವುದು ಐದನೆಯ ಶೀಲ ಮಾತ್ರವಲ್ಲ, ಮೊದಲನೆಯ ಶೀಲವೂ ಹೌದು.

*ಮನನಕ್ಕೆ:* ಎಚ್ಚರವಾಗಿರುವುದೇ ನಮ್ಮ ಸಾಧನೆ. ಇನ್ನೊಬ್ಬರ ಎಚ್ಚರ ಆರುತ್ತಿರುವಾಗ ಅದರ ಆಧಾರವನ್ನು ಕಾಯುವುದೂ ಆ ಸಾಧನೆಯ ಭಾಗ. ಇದನ್ನು ಇಂದು ಮನೆಯಲ್ಲಿ ಓದಿ ಹೇಳಿ, ಓದಲು ಬಾರದ ಹಿರಿಯರಿಗೆ ಮೊದಲು.

ಭವತು ಸಬ್ಬ ಮಂಗಲಂ.