ಹಳೆಯ ದೋಣಿ ಎಂಜಿನು ಹೊರಡದಿದ್ದಾಗ ಮಾಡತಕ್ಕ ಪರೀಕ್ಷೆ

ಸಾಲಿಗ್ರಾಮದ ಪಾರಂಪಳ್ಳಿಯಿಂದ ಹಂಗಾರಕಟ್ಟೆ, ಕೋಡಿಬೆಂಗ್ರೆಗಳ ವರೆಗಿನ ಹಿನ್ನೀರಿನಲ್ಲಿ ಕುದ್ರುಗಳ ಮೇಲೆ ತೆಂಗಿನ ತೋಟವುಳ್ಳವರಿಗೆ ದೋಣಿಯಿಲ್ಲದೆ ಕಾಯಿಯಾಗಲಿ ಗೊಬ್ಬರವಾಗಲಿ ದಡ ಸೇರದು. ಸೀತಾ ಸುವರ್ಣಾ ನದಿಗಳು ಕಡಲನ್ನು ಕೂಡುವ ಈ ಅಳಿವೆಯಲ್ಲಿ ಇಳಿತದ ಹೊತ್ತು ಎಂಜಿನು ನಿಂತು ಪುನಃ ಹೊರಡದಿದ್ದರೆ, ನೀರಿನ ಸೆಳೆತವು ದೋಣಿಯನ್ನು ಕಡಲ ಕಡೆಗೇ ಒಯ್ಯುವುದು. ಇಂತಹ ಎಂಜಿನಿನ ದೋಷವನ್ನು ಹುಡುಕದೆ ಹೊಸ ಬ್ಯಾಟರಿಯನ್ನೋ ಕಾಯಿಲನ್ನೋ ಕೊಳ್ಳುವುದು ವ್ಯರ್ಥವ್ಯಯ. ಉಪ್ಪುಗಾಳಿಯಿಂದ ಕಿಲುಬು ಹಿಡಿದ ತಂತಿಯ ಸಂದುಗಳನ್ನೇ ಮೊದಲು ಶಂಕಿಸತಕ್ಕದ್ದು.

ಮ್ಯಾಗ್ನೆಟೋ ಉಳ್ಳ ಹಳೆಯ ಎಂಜಿನಿನಲ್ಲಿ ವಿದ್ಯುತ್ತಿಗೆ ಎರಡು ದಾರಿಗಳುಂಟು. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವುದು ಎಂಜಿನನ್ನು ತಿರುಗಿಸುತ್ತದೆ, ಅಷ್ಟೆ. ಪ್ಲಗ್ಗಿನ ಕಿಡಿಯಾದರೋ ಫ್ಲೈವೀಲಿನ ಅಯಸ್ಕಾಂತದಿಂದ ಹುಟ್ಟುವಂತಹದು. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಆದುದರಿಂದ ಬ್ಯಾಟರಿ ಸತ್ತರೂ ಹಗ್ಗದಿಂದ ಎಳೆದು ಎಂಜಿನನ್ನು ಹೊರಡಿಸಬಹುದು. ಆ ಹಗ್ಗವಿಲ್ಲದೆ ಹೊಳೆಗಿಳಿಯುವುದು ಅವಿವೇಕವೇ ಸರಿ.

ಎಂಜಿನು ತಿರುಗಲೇ ಇಲ್ಲವಾದರೆ ಮೊದಲು ಗೇರನ್ನು ನ್ಯೂಟ್ರಲಿಗೆ ತರತಕ್ಕದ್ದು. ಇಲ್ಲವಾದರೆ ರಕ್ಷಣೆಯ ಸ್ವಿಚ್ಚು ವಿದ್ಯುತ್ತನ್ನು ಬಿಡದು. ಪೂರ್ಣವಾಗಿ ಚಾರ್ಜಾದ ಬ್ಯಾಟರಿಯು ಸುಮಾರು 12.6 ವೋಲ್ಟು ತೋರಿಸುವುದು. ಕೀಲಿ ತಿರುಗಿಸಿದಾಗ ಬ್ಯಾಟರಿಯ ತುದಿಗಳಲ್ಲಿ 11 ವೋಲ್ಟು ಇದ್ದು ಸ್ಟಾರ್ಟರಿನಲ್ಲಿ 8 ಮಾತ್ರ ದೊರೆತರೆ, ಉಳಿದ 3 ವೋಲ್ಟು ನಡುವಣ ಸಂದಿನಲ್ಲಿಯೋ ಸೊಲೆನಾಯ್ಡಿನಲ್ಲಿಯೋ ನಷ್ಟವಾಯಿತೆಂದು ತಿಳಿಯಬೇಕು. ಎಂಜಿನಿನ ಮೈಗೆ ಕಟ್ಟಿದ ಕಪ್ಪು ತಂತಿಯನ್ನು ನೋಡುವವರೇ ಕಡಮೆ. ಅದನ್ನು ಬಿಚ್ಚಿ, ಮರಳು ಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಗ್ರೀಸು ಸವರತಕ್ಕದ್ದು. ಬ್ಯಾಟರಿ ಸರಿಯಿದ್ದು ಸೊಲೆನಾಯ್ಡು ಟಕ್ಕೆಂದರೂ ಸ್ಟಾರ್ಟರು ತಿರುಗದಿದ್ದರೆ ದೋಷವು ದಪ್ಪ ತಂತಿಗಳಲ್ಲಿ, ಸೊಲೆನಾಯ್ಡಿನ ಒಳಗೆ ಅಥವಾ ಸ್ಟಾರ್ಟರಿನಲ್ಲಿಯೇ ಇರುವುದು. ಸದ್ದೇ ಇಲ್ಲದಿದ್ದರೆ ಫ್ಯೂಸು, ಕೀಲಿ, ಸಣ್ಣ ತಂತಿಗಳನ್ನು ನೋಡಬೇಕು.

ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿಯ ಪರೀಕ್ಷೆ ಅವಶ್ಯ. ಪ್ಲಗ್ಗನ್ನು ಬಿಚ್ಚಿ ಅದರ ಲೋಹವನ್ನು ಎಂಜಿನಿನ ಮೈಗೆ ತಾಗಿಸಿ ತಿರುಗಿಸಬೇಕು. ಪೆಟ್ರೋಲಿನ ಆವಿಯು ಹೊತ್ತಿಕೊಳ್ಳುವ ಭಯವಿರುವುದರಿಂದ ಪ್ಲಗ್ಗು ಸಿಲಿಂಡರಿನ ರಂಧ್ರಕ್ಕೆ ದೂರವಾಗಿರಲಿ. ಕಿಡಿ ಕಾಣದಿದ್ದರೆ, ಎಂಜಿನನ್ನು ನಿಲ್ಲಿಸುವ ಸ್ವಿಚ್ಚಿನ ತಂತಿಯನ್ನು ಮ್ಯಾಗ್ನೆಟೋವಿನ ಕಡೆಯಲ್ಲಿ ಬಿಡಿಸಿ ಪುನಃ ನೋಡತಕ್ಕದ್ದು. ಈ ತಂತಿಯ ಕೆಲಸವೇ ಮ್ಯಾಗ್ನೆಟೋವಿನ ವಿದ್ಯುತ್ತನ್ನು ಎಂಜಿನಿನ ಮೈಗೆ ಇಳಿಸಿ ಕಿಡಿಯನ್ನು ಆರಿಸುವುದು. ಹೊದಿಕೆ ಸವೆದು ಲೋಹಕ್ಕೆ ತಾಗಿದರೆ ಯಾರೂ ಗುಂಡಿಯನ್ನು ಒತ್ತದೆಯೇ ಕಿಡಿ ಆರುವುದು. ಬಿಡಿಸಿದೊಡನೆ ಕಿಡಿ ಬಂದರೆ ಮ್ಯಾಗ್ನೆಟೋ ನಿರ್ದೋಷಿ. ಆದರೆ ತಂತಿಯನ್ನು ಬಿಡಿಸಿ ಓಡಿಸಿದ ಎಂಜಿನು ಗುಂಡಿಯಿಂದ ನಿಲ್ಲದು; ಚೋಕನ್ನು ಮುಚ್ಚಿ ನಿಲ್ಲಿಸಬೇಕು. ಪರೀಕ್ಷೆಗೆಂದು ಬ್ಯಾಟರಿಯ 12 ವೋಲ್ಟನ್ನು ಈ ತಂತಿಗೆ ಎಂದಿಗೂ ಕೊಡಕೂಡದು, ಮ್ಯಾಗ್ನೆಟೋ ಕೆಡುವುದು.

ಇಷ್ಟಾದರೂ ಕಿಡಿಯಿಲ್ಲದಿದ್ದರೆ ಫ್ಲೈವೀಲಿನ ಕೆಳಗಣ ಪಾಯಿಂಟುಗಳನ್ನು ಒಣ ರಟ್ಟಿನಿಂದ ಒರಸಿ, ತಯಾರಕರ ಪುಸ್ತಕದಲ್ಲಿ ಹೇಳಿದ ಅಂತರಕ್ಕೆ ತರಬೇಕು. ಅನೇಕ ಹಳೆಯ ಎಂಜಿನುಗಳಲ್ಲಿ ಅದು ಸುಮಾರು ಅರ್ಧ ಮಿಲಿಮೀಟರು. ಕಾಯಿಲು, ಕಂಡೆನ್ಸರುಗಳ ಸರದಿ ಬರುವುದು ಇದರ ತರುವಾಯವೇ.