ಕೋಳಿಗೂಡಿನ ರಕ್ಷಣೆಯೂ ಗಾಯಗೊಂಡ ಕೋಳಿಗಳ ಉಪಚಾರವೂ

ಶಿಕಾರಿಪುರ, ಸೊರಬ ಸೀಮೆಗಳಲ್ಲಿ ಅನೇಕ ಗ್ರಾಮಗಳ ಹಿತ್ತಿಲು ಕಾಡಿಗೆ ತಾಗಿರುವುದರಿಂದ ಹಗಲು ಮುಂಗುಸಿಯ, ಇರುಳು ಕಾಡುಬೆಕ್ಕು ನರಿಗಳ ಕಾಟವು ತಪ್ಪದು. ಕೋಳಿಗಳನ್ನು ಬುಟ್ಟಿಯಡಿ ಕವಿಚಿಡುವ ವಾಡಿಕೆಯು ಸಾಲದು. ನರಿಯು ಬುಟ್ಟಿಯನ್ನೇ ಉರುಳಿಸುವುದು. ಗೂಡಿಗೆ ಅರ್ಧ ಅಂಗುಲ ಕಣ್ಣಿನ ಗಟ್ಟಿ ತಂತಿಬಲೆಯನ್ನು ಹೊಡೆದು, ಅದರ ಅಂಚನ್ನು ಒಂದು ಅಡಿ ನೆಲದೊಳಗೆ ಹೂಳಿ, ಸೂರ್ಯಾಸ್ತಕ್ಕೆ ಮುಂಚೆಯೇ ಬಾಗಿಲಿಗೆ ಅಗುಳಿ ಹಾಕತಕ್ಕದ್ದು. ಉರುಳು, ವಿಷಗಳಿಂದ ಕಾಡುಪ್ರಾಣಿಗಳನ್ನು ಕೊಲ್ಲುವುದು 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವೆಂಬುದನ್ನು ಗ್ರಾಮದ ಮುಖಂಡರು ಜನರಿಗೆ ತಿಳಿಯಪಡಿಸಬೇಕು.

ಗಾಯಗೊಂಡು ಉಳಿದ ಕೋಳಿಯನ್ನು ಕೂಡಲೇ ಬೇರ್ಪಡಿಸಿ ಮಬ್ಬುಬೆಳಕಿನ ಬೆಚ್ಚನೆಯ ಸ್ಥಳದಲ್ಲಿಡಬೇಕು. ರಕ್ತ ಕಂಡರೆ ಜೊತೆಯ ಕೋಳಿಗಳೇ ಅದನ್ನು ಕುಕ್ಕುವುವು. ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ 9 ಗ್ರಾಂ ಉಪ್ಪು ಕರಗಿಸಿ ಗಾಯವನ್ನು ತೊಳೆಯುವುದು. ಮಳೆಗಾಲದಲ್ಲಿ ಗಾಯಕ್ಕೆ ಹುಳ ಬೀಳುವುದರಿಂದ ದಿನಕ್ಕೆ ಎರಡಾವರ್ತಿ ನೋಡತಕ್ಕದ್ದು. ಹಲ್ಲು ಆಳಕ್ಕೆ ನಾಟಿದ್ದರೆ ಪಶುವೈದ್ಯರಿಗೆ ತೋರಿಸುವುದೇ ಲೇಸು. ಬೆದರಿದ ಹೇಂಟೆಯು ಕೆಲವು ವಾರ ಮೊಟ್ಟೆಯಿಡದಿರಬಹುದು. ಅಷ್ಟಕ್ಕೇ ಅದನ್ನು ಸಾರಿನ ಪಾತ್ರೆಗೆ ಕಳುಹಿಸಲಾಗದು.